ಮನೆಯ ಜೋಳದ ಅಳ್ಳು, ಹೊಲದ ಬಣ್ಣ: ಮಕ್ಕಳಿಗೆ ಅಳ್ಳುಂಡಿ

ನಾನು ಒಣಬೇಸಾಯದ ರೈತ. ಎರೆಹೊಲ ಆರು ಎಕರೆ. ಮಳೆ ನಂಬಿ ಹಿಂಗಾರಿ ಜೋಳ, ಕಡ್ಲಿ, ಸಾಲಿನ ನಡುವೆ ಒಂದಿಷ್ಟು ಕುಸುಬಿ ಬೆಳೀತೀನಿ. ಓದಿದ್ದು ಏಳನೇತ್ತೆ. ಈ ಪುಟಗಳಲ್ಲಿ ರೈತರು ಒಡ್ಡು, ಬೀಜ, ಗೊಬ್ಬರದ ಬಗ್ಗೆ ಬರೆಯುತ್ತಾರೆ. ನಾನು ಈ ಸಲ ತಿನ್ನುವ ವಿಷಯ ಬರೆಯುತ್ತಿದ್ದೇನೆ. ಹೊಲಕ್ಕೂ ಇದಕ್ಕೂ ಸಂಬಂಧ ಇದೆ, ಓದಿದರೆ ನಿಮಗೇ ತಿಳಿಯುತ್ತದೆ.

2025-26ನೇ ಸಾಲಿಗೆ ಮಾಲ್ದಂಡಿ ಜೋಳಕ್ಕೆ ಕೇಂದ್ರ ಸರ್ಕಾರ ಗೊತ್ತು ಮಾಡಿದ ಬೆಂಬಲ ಬೆಲೆ ಕ್ವಿಂಟಾಲಿಗೆ 3749 ರೂಪಾಯಿ. ಅಂದರೆ ಕಿಲೋಕ್ಕೆ ಮೂವತ್ತೇಳೂವರೆ ರೂಪಾಯಿ. ಕಿರಾಣಿ ಅಂಗಡಿ ಮುಂದೆ ಜೋತುಬಿದ್ದ ಬಣ್ಣದ ತಿಂಡಿ ಪಾಕೀಟು ಹತ್ತು ರೂಪಾಯಿ. ನಾಲ್ಕು ಪಾಕೀಟು ಕೊಂಡರೆ ಒಂದು ಕಿಲೋ ಜೋಳದ ದುಡ್ಡು ಹೋಯಿತು. ನಾಲ್ಕೂ ಪಾಕೀಟು ಒಡೆದು ತೂಗಿ ನೋಡ್ರಿ, ಒಳಗೆ ಇರೂದು ಒಂದು ಹಿಡಿ ಧಾನ್ಯ, ಉಳಿದದ್ದು ಗಾಳಿ. ಉಬ್ಬಿಸಿದ ಧಾನ್ಯಕ್ಕೆ ಬಣ್ಣ, ಸಕ್ಕರೆ ಹಚ್ಚಿ ಮಾರುತ್ತಾರೆ. ಅದೇ ಉಬ್ಬಿಸಿದ ಧಾನ್ಯ ನಮ್ಮ ಅವ್ವಂದಿರು ಪ್ರತಿ ಪಂಚಮಿಗೆ ಹಂಚಿನ ಮೇಲೆ ಮಾಡುತ್ತಿದ್ದ ಅಳ್ಳು. ಮೈಸೂರು ಕಡೆ ಅದಕ್ಕೆ ಅರಳು ಅನ್ನುತ್ತಾರೆ.

ಮಕ್ಕಳಿಗೆ "ತಿನ್ನಬೇಡ" ಅಂದರೆ ಕೇಳುವುದಿಲ್ಲ. ಅವರಿಗೆ ಬಣ್ಣ ಬೇಕು, ಸಿಹಿ ಬೇಕು, ಬಾಯಲ್ಲಿ ಕರಕರ ಅನ್ನಬೇಕು. ಈ ಮೂರನ್ನೂ ಮನೆಯ ಜೋಳದಿಂದ ಕೊಡಬಹುದು. ಭಟ್ಟಿ ಬೇಡ, ಕರಿಯುವ ಎಣ್ಣೆ ಬೇಡ. ಒಂದು ಒಲೆ, ಒಂದು ಹಂಚು, ಒಂದು ಬುಟ್ಟಿ ಇದ್ದರೆ ಆಯಿತು. ನಮ್ಮ ಮನೆಯಾಕೆ ಮಾಡುವ ರೀತಿಯನ್ನು, ಅದರ ಹಿಂದಿನ ಕಾರಣಗಳನ್ನು ಕೂಡಿಸಿ ಬರೆದಿದ್ದೇನೆ.

ಬಣ್ಣದ ಮಾತು ಮೊದಲು

2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಬಾಂಬೆ ಮಿಠಾಯಿಗೆ ರೋಡಮೈನ್-ಬಿ ಎಂಬ ಬಣ್ಣ ಹಾಕುವುದನ್ನು, ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧ ಮಾಡಿತು. ಈ ರೋಡಮೈನ್-ಬಿ ಬಟ್ಟೆಗೆ, ಕಾಗದಕ್ಕೆ ಹಾಕುವ ಗುಲಾಬಿ ಬಣ್ಣ, ತಿನ್ನುವ ಬಣ್ಣವೇ ಅಲ್ಲ. ತಿನ್ನುವ ಪದಾರ್ಥಕ್ಕೆ ಕಾಯ್ದೆ ಒಪ್ಪಿದ ಬಣ್ಣಗಳು ಬೇರೆ ಇವೆ. ಅವನ್ನೂ ಇಂಥಿಂಥ ಪದಾರ್ಥಕ್ಕೆ ಇಷ್ಟೇ ಅಂತ ಅಳತೆ ಹಾಕಿಟ್ಟಿದ್ದಾರೆ. ಜಾತ್ರೆಯಲ್ಲಿ, ಸಂತೆಯಲ್ಲಿ ಮಾರುವ ಸಡಿಲು ಪುಡಿ ಯಾವುದು ಅಂತ ಕಣ್ಣಿನಿಂದ ನೋಡಿ ಯಾರೂ ಹೇಳಲಾರರು. ಅದಕ್ಕೆ ಪುಡಿ ಬಣ್ಣ ಮನೆಗೆ ತರಲೇಬೇಡ್ರಿ. ಬಣ್ಣ ನಮ್ಮ ಹೊಲದಲ್ಲೇ, ಹಿತ್ತಲಲ್ಲೇ ಇದೆ. ಮುಂದೆ ಹೇಳುತ್ತೇನೆ.

ಅಮೆರಿಕದವರ ಅಳ್ಳುಂಡಿ

ಬೆಂಗಳೂರಿನಲ್ಲಿರುವ ನಮ್ಮ ತಂಗಿಯ ಮಗ ದೀಪಾವಳಿಗೆ ಬಂದಾಗ ಒಂದು ಮೆತ್ತನೆ ಬರ್ಫಿಯಂಥದ್ದು ತಂದಿದ್ದ. "ಮಾಮಾ, ಇದು ಅಮೆರಿಕದ್ದು, ಚುರುಮುರಿಗೆ ಮಾರ್ಷ್‌ಮೆಲೋ ಹಾಕಿ ಮಾಡ್ತಾರ" ಅಂದ. 1939ರಲ್ಲಿ ಅಲ್ಲಿಯ ಕೆಲಾಗ್ ಕಂಪನಿಯಲ್ಲಿ ಅಡಿಗೆ ಕೆಲಸ ನೋಡುತ್ತಿದ್ದ ಮಿಲ್‌ಡ್ರೆಡ್ ಡೇ ಎಂಬ ಹೆಣ್ಣುಮಗಳು, ಜೊತೆಗಾತಿಯೊಬ್ಬಳ ಕೂಡ ಇದನ್ನು ಮೊದಲು ಮಾಡಿದಳಂತೆ. ಹುಡುಗಿಯರ ಒಂದು ಸಂಘ ಮನೆಮನೆಗೆ ಮಾರಿ ಹಣ ಕೂಡಿಸಲಿ ಎಂದು ಹುಡುಕಿದ ತಿಂಡಿ ಇದು. ಬೆಣ್ಣೆ ಕರಗಿಸು, ಮಾರ್ಷ್‌ಮೆಲೋ ಕರಗಿಸು, ಉಬ್ಬಿದ ಅಕ್ಕಿ ಹಾಕಿ ಕಲಸು, ತಾಟಿನಲ್ಲಿ ಒತ್ತಿ ಕತ್ತರಿಸು. ಅಷ್ಟೇ ಕೆಲಸ. ಅವರ ದೇಶದಲ್ಲಿ ಇದು ಮನೆಮನೆಯ ತಿಂಡಿಯಾಯಿತು.

ಮಾರ್ಷ್‌ಮೆಲೋ ಅಂದರೆ ಸಕ್ಕರೆ ಪಾಕಕ್ಕೆ ಜಿಲಾಟಿನ್ ಹಾಕಿ, ಗಾಳಿ ತುಂಬುವ ಹಾಗೆ ಕಡೆದು ನೊರೆ ಎಬ್ಬಿಸಿ ಆರಿಸಿದ ಮಿಠಾಯಿ. ಆ ಹೆಸರಿನ ಒಂದು ಗಿಡ ಇದೆ, ಹಿಂದೆ ಅದರ ಬೇರಿನ ಲೋಳೆಯಿಂದ ಮಾಡುತ್ತಿದ್ದರು. ಈಗ ಹೆಚ್ಚಾಗಿ ಜಿಲಾಟಿನ್ ಹಾಕುತ್ತಾರೆ. ಜಿಲಾಟಿನ್ ತೆಗೆಯುವುದು ದನ, ಹಂದಿ ಇಂಥವುಗಳ ತೊಗಲು ಮತ್ತು ಎಲುಬಿನಿಂದ. ಶಾಕಾಹಾರ ಪಾಲಿಸುವವರು ಪಾಕೀಟಿನ ಮೇಲಿನ ಹಸಿರು, ಕಂದು ಗುರುತು ನೋಡಿ ಕೊಳ್ಳಬೇಕು.

ವಿಚಾರ ಮಾಡಿದರೆ ಅವರ ತಿಂಡಿಗೂ ನಮ್ಮ ಅಳ್ಳುಂಡಿಗೂ ತತ್ವ ಒಂದೇ. ಉಬ್ಬಿದ ಧಾನ್ಯ, ಅದನ್ನು ಹಿಡಿಯುವ ಅಂಟು. ಅವರಿಗೆ ಅಂಟು ಮಾರ್ಷ್‌ಮೆಲೋ, ನಮಗೆ ಬೆಲ್ಲದ ಆಣ. ಅವರದು ಮೆತ್ತಗೆ, ನಮ್ಮದು ಗಟ್ಟಿ. ಆಣದ ಹದ ಬದಲಿಸಿದರೆ ನಮ್ಮದೂ ಮೆತ್ತಗಾಗುತ್ತದೆ.

ಎಲ್ಲ ಜೋಳವೂ ಅರಳುವುದಿಲ್ಲ

ಕಾಳಿನ ಒಳಗೆ ಸ್ವಲ್ಪ ನೀರಿನ ಅಂಶ ಇರುತ್ತದೆ. ಬಿಸಿ ಹತ್ತಿದಾಗ ಅದು ಉಗಿಯಾಗುತ್ತದೆ. ಸಿಪ್ಪೆ ಗಟ್ಟಿ ಇದ್ದರೆ ಉಗಿ ಹೊರಗೆ ಹೋಗಲಾರದೆ ಕುಕ್ಕರಿನಲ್ಲಿ ಕೂಡಿದ ಹಾಗೆ ಕೂಡುತ್ತದೆ. ಒಳಗಿನ ಹಿಟ್ಟು ಬೆಂದು ಮೆತ್ತಗಾಗುತ್ತದೆ. ಬಿಸಿ 180 ಡಿಗ್ರಿ ಸುಮಾರಿಗೆ ಬಂದಾಗ ಸಿಪ್ಪೆ ತಡೆಯಲಾರದೆ ಸೀಳುತ್ತದೆ. ಮೆತ್ತಗಿನ ಹಿಟ್ಟು ನೊರೆಯ ಹಾಗೆ ಉಬ್ಬಿ ಹೊರಗೆ ಬಂದು, ಗಾಳಿ ತಾಗಿದ ಕೂಡಲೆ ಆರಿ ಬಿಗಿಯಾಗುತ್ತದೆ. ಅದೇ ಅಳ್ಳು.

ಇದು ತಿಳಿದರೆ ಯಾವ ಜೋಳ ಆರಿಸಬೇಕು ಅನ್ನೂದು ತಾನೇ ತಿಳಿಯುತ್ತದೆ:

ಕಾಳು ಸಣ್ಣದು, ದುಂಡಗೆ, ಗಟ್ಟಿ ಇರಬೇಕು. ಹಲ್ಲಿನಲ್ಲಿ ಒಡೆದು ನೋಡ್ರಿ. ಒಳಗೆ ಗಾಜಿನ ಹಾಗೆ ಹೊಳೆಯುವ ಭಾಗ ಹೆಚ್ಚಿದ್ದರೆ ಚಲೋ ಅರಳುತ್ತದೆ. ಬೆಳ್ಳಗೆ ಹಿಟ್ಟುಹಿಟ್ಟು ಇದ್ದರೆ ಅರಳುವುದು ಕಡಿಮೆ. ನಮ್ಮ ಕಡೆ "ಅಳ್ಳಿನ ಜೋಳ" ಅಂತಲೇ ಬೇರೆ ತಳಿ ಇಟ್ಟುಕೊಂಡಿರುತ್ತಾರೆ. ರೊಟ್ಟಿಗೆ ಹೆಸರಾದ ಮಾಲ್ದಂಡಿಯ ದಪ್ಪ ಕಾಳು ಅಳ್ಳಿಗೆ ಅಷ್ಟು ಒಗ್ಗುವುದಿಲ್ಲ.

ಸಿಪ್ಪೆ ಒಡೆದಿರಬಾರದು. ಟ್ರ್ಯಾಕ್ಟರ್ ಹಾಯಿಸಿದ, ಮಷಿನ್ನಿಗೆ ಹಾಕಿದ ಜೋಳದಲ್ಲಿ ಕಣ್ಣಿಗೆ ಕಾಣದ ಸೀಳು ಇರುತ್ತವೆ. ಆ ಸೀಳಿನಿಂದ ಉಗಿ ಸೋರಿಹೋಗುತ್ತದೆ, ಕಾಳು ಅರಳದೆ ಹುರಿದುಹೋಗುತ್ತದೆ. ಅಳ್ಳಿಗೆ ಬೇಕಾದ ತೆನೆ ಬೇರೆ ತೆಗೆದಿಟ್ಟು, ಬಡಿಗೆಯಿಂದ ಹಗುರಕ್ಕೆ ಬಡಿದು ಕಾಳು ಬಿಡಿಸಿ. ಹಿಂದಿನವರು ಹಾಗೆ ಮಾಡುತ್ತಿದ್ದುದಕ್ಕೆ ಕಾರಣ ಇದೇ.

ಸುಗ್ಗಿಯಲ್ಲಿ ಮಳೆ ಹೊಡೆದು ಕಪ್ಪಾದ, ಬೂಷ್ಟು ಹಿಡಿದ ಕಾಳು ಬೇಡವೇ ಬೇಡ.

ಹದ ಹೇಗಿದೆ ಅಂತ ನೋಡಲು ಒಂದು ಸುಲಭ ಪರೀಕ್ಷೆ ಇದೆ. ನೂರು ಕಾಳು ಎಣಿಸಿ ಹುರಿಯಿರಿ. ಎಷ್ಟು ಅರಳಿದವು ಎಣಿಸಿ. ಎಂಬತ್ತರ ಮೇಲೆ ಅರಳಿದರೆ ಆ ಜೋಳ ಇಟ್ಟುಕೊಳ್ಳಿ. ಐವತ್ತಕ್ಕಿಂತ ಕಡಿಮೆ ಇದ್ದರೆ ರೊಟ್ಟಿಗೆ ಬಿಡಿ. ನಡುವೆ ಇದ್ದರೆ ನೀರಿನ ಹದ ತಿದ್ದಿ ಇನ್ನೊಮ್ಮೆ ನೋಡ್ರಿ.

ನೀರಿನ ಹದ

ಕಾಳಿನಲ್ಲಿ ನೂರಕ್ಕೆ 13-14 ಪಾಲು ನೀರಿದ್ದಾಗ ಚಲೋ ಅರಳುತ್ತದೆ. ಸುಗ್ಗಿ ಮುಗಿಸಿ ಬಿಸಿಲಿಗೆ ಚೆನ್ನಾಗಿ ಒಣಗಿಸಿದ ಜೋಳದಲ್ಲಿ ಹತ್ತರ ಸುಮಾರು ಇರುತ್ತದೆ. ಅದಕ್ಕೇ ಒಣಗಿದ ಜೋಳ ಹಾಗೇ ಹಂಚಿಗೆ ಹಾಕಿದರೆ ಅರ್ಧಕ್ಕರ್ಧ ಸಿಡಿಯುವುದಿಲ್ಲ. ಹತ್ತರಿಂದ ಹದಿನಾಲ್ಕಕ್ಕೆ ತರಬೇಕಾದರೆ ಒಂದು ಕಿಲೋ ಜೋಳಕ್ಕೆ 45ರಿಂದ 50 ಮಿಲಿ ನೀರು ಸಾಕು. ಅಂದರೆ ಸಣ್ಣ ಚಹಾ ಕಪ್ಪಿನ ಅರ್ಧ. ಹೆಚ್ಚು ಹಾಕಿದರೆ ಸಿಪ್ಪೆ ನೆನೆದು ಮೆತ್ತಗಾಗುತ್ತದೆ, ಅಳ್ಳು ಸಣ್ಣದಾಗುತ್ತದೆ.

ಜೋಳವನ್ನು ಹಸನು ಮಾಡಿ ಅಗಲ ಬುಟ್ಟಿಯಲ್ಲಿ ಹರವಿ. ಉಗುರು ಬೆಚ್ಚಗಿನ ನೀರನ್ನು ಕೈಯಿಂದ ಚಿಮುಕಿಸುತ್ತ ಎಲ್ಲ ಕಾಳಿಗೂ ಹತ್ತುವಂತೆ ತಿರುವಿ. ಒಂದು ಅರಿವೆಯಲ್ಲಿ ಗಂಟು ಕಟ್ಟಿ, ಮುಚ್ಚಳದ ಡಬ್ಬಿಯಲ್ಲಿ ರಾತ್ರಿ ಇಡಿ. ಬೆಳಗಿಗೆ ನೀರು ಕಾಳಿನ ಒಳಗೆ ಸಮನಾಗಿ ಇಳಿದಿರುತ್ತದೆ. ಮುಟ್ಟಿದರೆ ಮೇಲೆ ಹಸಿ ಅನಿಸಬಾರದು. ಅನಿಸಿದರೆ ನೆರಳಲ್ಲಿ ಸ್ವಲ್ಪ ಹೊತ್ತು ಹರವಿ.

ಹುರಿಯುವುದು

ದಪ್ಪ ತಳದ ಕಬ್ಬಿಣದ ಬುಟ್ಟಿ ಅಥವಾ ಮಣ್ಣಿನ ಹಂಚು ಒಲೆಯ ಮೇಲಿಟ್ಟು ಚೆನ್ನಾಗಿ ಕಾಯಿಸಿ. ಒಂದು ಹನಿ ನೀರು ಬಿಟ್ಟರೆ ಅದು ಮುತ್ತಿನ ಹಾಗೆ ಉರುಳಾಡಿ ಮಾಯವಾಗಬೇಕು. ಆಗ ಒಂದೇ ಹಿಡಿ ಜೋಳ ಹಾಕಿ. ಹೆಚ್ಚು ಹಾಕಿದರೆ ಹಂಚು ತಣಿಯುತ್ತದೆ, ಕಾಳಿನ ನೀರು ಸಿಡಿಯುವ ಮೊದಲೇ ಆರಿಹೋಗುತ್ತದೆ.

ಕಟ್ಟಿಗೆಯ ತುದಿಗೆ ಹತ್ತಿ ಅರಿವೆಯ ಗಂಟು ಬಿಗಿದು, ಅದರಿಂದ ಕಾಳನ್ನು ಒತ್ತಿ ತಿರುವುತ್ತ ಇರಿ. ಅರೆ ನಿಮಿಷದಿಂದ ಒಂದು ನಿಮಿಷದೊಳಗೆ ಚಟಪಟ ಶುರುವಾಗುತ್ತದೆ. ಸದ್ದು ಕಡಿಮೆಯಾದ ಕೂಡಲೆ ಬುಟ್ಟಿಗೆ ಸುರಿಯಿರಿ. ಎಲ್ಲ ಅರಳಲಿ ಅಂತ ಕಾದರೆ ಅರಳಿದವು ಕಪ್ಪಾಗುತ್ತವೆ.

ಆಮೇಲೆ ಜರಡಿ ಹಿಡಿಯಿರಿ. ಅರಳದ ಕಾಳು ಒಂದೂ ಉಳಿಯಬಾರದು, ಹಲ್ಲು ಮುರಿಯುತ್ತದೆ. ಕೆಳಗೆ ಬಿದ್ದ ಕಾಳು, ಪುಡಿ ಎಸೆಯಬೇಡಿ. ಬೀಸಿದರೆ ಅಳ್ಳಿಟ್ಟು. ಬೆಲ್ಲ, ಹಾಲು ಹಾಕಿ ಕಲಸಿಕೊಂಡು ತಿನ್ನಬಹುದು.

ಅಳ್ಳು ಗಾಳಿಯ ತೇವ ಬೇಗ ಹೀರುತ್ತದೆ. ಶ್ರಾವಣದ ಜಿಟಿಜಿಟಿ ಮಳೆಯಲ್ಲಂತೂ ಒಂದು ತಾಸಿನಲ್ಲಿ ಮೆತ್ತಗಾಗುತ್ತದೆ. ಆರಿದ ಕೂಡಲೆ ಬಿಗಿ ಡಬ್ಬಿಗೆ ತುಂಬಿ. ಮೆತ್ತಗಾಗಿದ್ದರೆ ಉಂಡಿ ಕಟ್ಟುವ ಮುಂಚೆ ಸಣ್ಣ ಉರಿಯಲ್ಲಿ ಎರಡು ನಿಮಿಷ ಬೆಚ್ಚಗೆ ಮಾಡಿಕೊಳ್ಳಿ.

ಜೋಳವೇ ಆಗಬೇಕು ಅಂತಿಲ್ಲ. ಭತ್ತ ಬೆಳೆಯುವವರಿಗೆ ಭತ್ತದ ಅರಳು ಇದೆ. ದಾವಣಗೆರೆಯ ಭಟ್ಟಿಯ ಮಂಡಕ್ಕಿ ಎಲ್ಲ ಸಂತೆಯಲ್ಲೂ ಸಿಗುತ್ತದೆ, ನಾವು ಅದಕ್ಕೆ ಚುರುಮುರಿ ಅನ್ನುತ್ತೇವೆ. ಅದರಿಂದಲೂ ಇದೇ ರೀತಿ ಮಾಡಬಹುದು. ಮಂಡಕ್ಕಿಗೆ ಮೊದಲೇ ಉಪ್ಪು ಬಿದ್ದಿರುತ್ತದೆ, ಅಷ್ಟು ನೆನಪಿರಲಿ.

ಹೊಲದ, ಹಿತ್ತಲದ ಬಣ್ಣ

ಹಳದಿ: ಅರಿಷಿಣ ಪುಡಿ ಚಿಟಿಕೆ ಸಾಕು, ಹೆಚ್ಚಾದರೆ ವಾಸನೆ ಹೊಡೆಯುತ್ತದೆ. ಕುಸುಬಿ ಬೆಳೆಯುವವರು ಅದರ ಹೂವಿನ ಎಸಳು ಬಳಸಬಹುದು. ಹೂ ಬಾಡಿ ಕಾಳು ಕಟ್ಟಲು ಶುರುವಾದ ಮೇಲೆ ಎಸಳು ಕಿತ್ತರೆ ಕಾಳಿನ ಇಳುವರಿಗೆ ಪೆಟ್ಟಿಲ್ಲ. ನೆರಳಲ್ಲಿ ಒಣಗಿಸಿಟ್ಟು, ಬೇಕಾದಾಗ ಬಿಸಿ ನೀರಿನಲ್ಲಿ ನೆನೆಸಿದರೆ ಹಳದಿ ಬಣ್ಣ ಬಿಡುತ್ತದೆ. ಮುಳ್ಳಿನ ಕಾಟ ಬೇಡವಾದರೆ ಮಹಾರಾಷ್ಟ್ರದ ಫಲ್ಟಣದ ಸಂಸ್ಥೆಯವರು ಹೊರತಂದ ನಾರಿ-6 ಎಂಬ ಮುಳ್ಳಿಲ್ಲದ ತಳಿ ಇದೆ. ಆದರೆ ಒಂದು ಎಚ್ಚರ. ಕುಸುಬಿಗೆ ಹೇನು ಬಿತ್ತೆಂದು ಔಷಧ ಹೊಡೆದಿದ್ದರೆ ಆ ಹೊಲದ ಎಸಳು ಮುಟ್ಟಬೇಡಿ. ಮನೆಗೆ ಬೇಕಾದ ಹತ್ತಿಪ್ಪತ್ತು ಗಿಡ ಔಷಧ ಮುಟ್ಟಿಸದೆ ಬಿಟ್ಟುಕೊಳ್ಳಿ.

ಕೆಂಪು, ಗುಲಾಬಿ: ಬೀಟ್‌ರೂಟ್. ತೆಳ್ಳಗೆ ಹೆರೆದು, ಮೇಲೆ ತೆಳ್ಳನ ಅರಿವೆ ಹೊದಿಸಿ ಒಣಗಿಸಿ ಪುಡಿ ಮಾಡಿಟ್ಟುಕೊಳ್ಳಿ. ಇದರ ಬಣ್ಣ ಬಹಳ ಹೊತ್ತು ಕುದಿಸಿದರೆ ಕಂದಾಗುತ್ತದೆ. ಅದಕ್ಕೆ ಪಾಕ ಒಲೆಯಿಂದ ಇಳಿಸಿದ ಮೇಲೆ ಹಾಕಬೇಕು.

ಹಸಿರು: ನುಗ್ಗೆ ಸೊಪ್ಪು ನೆರಳಲ್ಲಿ ಒಣಗಿಸಿದ ಪುಡಿ. ಬಿಸಿಲಲ್ಲಿ ಒಣಗಿಸಿದರೆ ಹಸಿರು ಮಾಸುತ್ತದೆ. ಇದಕ್ಕೆ ಲಿಂಬೆ ಹುಳಿ ಹಾಕಬಾರದು, ಹುಳಿ ಬಿದ್ದರೆ ಹಸಿರು ಹೋಗಿ ಮಣ್ಣು ಬಣ್ಣ ಬರುತ್ತದೆ.

ನೀಲಿ: ಬೇಲಿ ಮೇಲೆ ಹಬ್ಬುವ ಶಂಖಪುಷ್ಪದ ನೀಲಿ ಹೂ. ಹತ್ತು ಹದಿನೈದು ಹೂವಿನ ಎಸಳು ಅರ್ಧ ಕಪ್ಪು ಬಿಸಿ ನೀರಿಗೆ ಹಾಕಿದರೆ ನೀಲಿ ನೀರು. ಅದಕ್ಕೆ ನಾಲ್ಕು ಹನಿ ಲಿಂಬೆರಸ ಬಿಟ್ಟರೆ ನೇರಳೆ. ನಮ್ಮ ಮೊಮ್ಮಗಳು ಇದನ್ನು ನೋಡಲಿಕ್ಕೇ ಅಡಿಗೆಮನೆಗೆ ಬಂದು ಕೂಡುತ್ತಾಳೆ.

ಅಡಿಗೆ ಸೋಡಾ ಈ ಬಣ್ಣಗಳಿಗೆ ತಾಗಬಾರದು. ಅರಿಷಿಣಕ್ಕೆ ಸುಣ್ಣ ತಾಗಿದರೆ ಕೆಂಪಾಗುವುದು ನಮಗೆಲ್ಲ ಗೊತ್ತು. ಸೋಡಾ ಬಿದ್ದರೂ ಹಾಗೇ ಆಗುತ್ತದೆ.

ಅಳ್ಳಿಗೆ ಬಣ್ಣ ಹಿಡಿಸುವುದು

ಬೆಲ್ಲದ ಆಣಕ್ಕೆ ಬಣ್ಣ ಹಾಕಿದರೆ ಕಾಣುವುದಿಲ್ಲ, ಬೆಲ್ಲದ ಕಂದು ಎಲ್ಲವನ್ನೂ ನುಂಗುತ್ತದೆ. ಅದಕ್ಕೆ ಸಂಕ್ರಾಂತಿಯ ಕುಸುರೆಳ್ಳಿನ ಉಪಾಯ ಮಾಡಬೇಕು. ಸ್ವಲ್ಪ ಅಳ್ಳಿಗೆ ಮಾತ್ರ ಸಕ್ಕರೆಯ ಬಣ್ಣದ ಕವಚ ಹಾಕಿ, ಕೊನೆಗೆ ಕೂಡಿಸುವುದು.

50 ಗ್ರಾಂ ಅಳ್ಳಿಗೆ 100 ಗ್ರಾಂ ಸಕ್ಕರೆ, ಸಕ್ಕರೆ ತೋಯುವಷ್ಟು ನೀರು. ನೀಲಿ ಅಥವಾ ಕುಸುಬಿ ಹಳದಿ ಬೇಕಾದರೆ ಸಾದಾ ನೀರಿನ ಬದಲು ಆ ಬಣ್ಣದ ನೀರನ್ನೇ ಸೋಸಿ ಹಾಕಿ. ಸಕ್ಕರೆ ಕರಗಿ ಕುದಿದು, ಬೆರಳ ನಡುವೆ ಹಿಡಿದರೆ ಗಟ್ಟಿ ಎಳೆ ಬರಬೇಕು. ಆಗ ಇಳಿಸಿ. ಪುಡಿ ಬಣ್ಣವಾದರೆ ಈಗ ಒಂದು ಚಹಾ ಚಮಚ ಹಾಕಿ ಕಲಕಿ (ಅರಿಷಿಣ ಚಿಟಿಕೆ ಮಾತ್ರ). ಬೆಚ್ಚಗಿನ ಅಳ್ಳು ಸುರಿದು ಸೌಟಿನಿಂದ ಬಿಡದೆ ತಿರುವಿ. ಎರಡು ಮೂರು ನಿಮಿಷದಲ್ಲಿ ಸಕ್ಕರೆ ಹರಳುಗಟ್ಟಿ, ಅಳ್ಳು ಒಂದಕ್ಕೊಂದು ಬಿಡಿಬಿಡಿಯಾಗುತ್ತದೆ. ತಾಟಿನಲ್ಲಿ ಹರವಿ ಆರಿಸಿ. ಲಿಂಬೆರಸ ಹಾಕುವುದಿದ್ದರೆ ನಾಲ್ಕು ಹನಿ ಮೀರಬಾರದು. ಹುಳಿ ಹೆಚ್ಚಾದರೆ ಸಕ್ಕರೆ ಹರಳುಗಟ್ಟದೆ ಅಂಟಂಟಾಗಿಯೇ ಉಳಿಯುತ್ತದೆ.

ಈ ಬಣ್ಣ ಅಂಗಡಿಯ ತಿಂಡಿಯಷ್ಟು ಕಣ್ಣು ಕುಕ್ಕುವುದಿಲ್ಲ, ತೆಳುವಾಗಿರುತ್ತದೆ. ದಿನ ಕಳೆದಂತೆ, ಬೆಳಕು ಬಿದ್ದಂತೆ ಇನ್ನೂ ಮಾಸುತ್ತದೆ. ಮಕ್ಕಳು ಅದಕ್ಕೇನೂ ಬೇಡ ಅನ್ನುವುದಿಲ್ಲ.

ಆಣದ ಹದ

ಒಂದು ಸಲಕ್ಕೆ ಬೇಕಾದದ್ದು ಇಷ್ಟು:

ಜೋಳದ ಅಳ್ಳು 100 ಗ್ರಾಂ
ಬೆಲ್ಲ 200 ಗ್ರಾಂ
ಹುರಿದು ಸಿಪ್ಪೆ ತೆಗೆದ ಶೇಂಗಾ 50 ಗ್ರಾಂ
ಪುಟಾಣಿ 25 ಗ್ರಾಂ
ಹುರಿದ ಎಳ್ಳು 25 ಗ್ರಾಂ
ತುಪ್ಪ ಎರಡು ಚಮಚ
ಏಲಕ್ಕಿ ಅಥವಾ ಒಣಶುಂಠಿ ಪುಡಿ ರುಚಿಗೆ
ಬಣ್ಣದ ಅಳ್ಳು ಒಂದೆರಡು ಬೊಗಸೆ

ಶೇಂಗಾ ಆರಿಸುವಾಗ ಮುರುಟಿದ್ದು, ಕಪ್ಪಾದದ್ದು, ಬೂಷ್ಟು ಹಿಡಿದದ್ದು ಒಂದೂ ಬಿಡದೆ ತೆಗೆಯಿರಿ. ಅಂಥ ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು, ಅದು ಹುರಿದರೂ ಪೂರ್ತಿ ಹೋಗುವುದಿಲ್ಲ. ಅದು ಲಿವರಿಗೆ ಪೆಟ್ಟು ಕೊಡುತ್ತದೆ.

ಬೆಲ್ಲ ಪುಡಿ ಮಾಡಿ ಕಾಲು ಕಪ್ಪು ನೀರಿನಲ್ಲಿ ಕರಗಿಸಿ, ಮೊದಲು ಸೋಸಿಕೊಳ್ಳಿ. ಮರಳು, ಕಸ ಇರುತ್ತದೆ. ಆಮೇಲೆ ದಪ್ಪ ತಳದ ಪಾತ್ರೆಯಲ್ಲಿ ಕುದಿಸಿ. ಬಹಳ ಬಿಳುಪಾದ ಬೆಲ್ಲ ಕೊಳ್ಳಬೇಡಿ, ಬಿಳುಪು ಬರಲೆಂದು ರಾಸಾಯನಿಕ ಹಾಕುವುದುಂಟು. ಉಪ್ಪು ನೆಲದ ಕಬ್ಬಿನ ಬೆಲ್ಲವಾದರೆ ಉಪ್ಪುಪ್ಪಾಗಿ, ಬೇಗ ನೀರೊಡೆಯುತ್ತದೆ. ಒಣ, ಕಂದು, ಒಡೆದರೆ ಒಳಗೆ ಹರಳು ಕಾಣುವ ಬೆಲ್ಲ ಉಂಡಿಗೆ ಚಲೋ.

ಹದ ನೋಡುವುದು ತಣ್ಣೀರಿನ ಬಟ್ಟಲಲ್ಲಿ. ಒಂದು ಹನಿ ಆಣ ಬಿಟ್ಟು ಬೆರಳಿನಿಂದ ಕೂಡಿಸಿ:

ಮೆತ್ತನೆ ಉಂಡೆಯಾಗಿ, ಒತ್ತಿದರೆ ಚಪ್ಪಟೆಯಾದರೆ ಅದು ಎಳೆ ಹದ. ಬಿಸಿ 115 ಡಿಗ್ರಿ ಸುಮಾರು. ಇದರಿಂದ ಮಾಡಿದ್ದು ಮೆತ್ತಗೆ, ಜಗಿಯುವಂತೆ ಇರುತ್ತದೆ. ಅಮೆರಿಕದವರ ತಿಂಡಿಗೆ ಹತ್ತಿರ ಇದೇ.

ಗಟ್ಟಿ ಉಂಡೆಯಾಗಿ ಆಕಾರ ಬಿಡದಿದ್ದರೆ ಅದು ಉಂಡಿ ಹದ. 125 ಡಿಗ್ರಿ ಸುಮಾರು. ಮಾಮೂಲಿ ಪಂಚಮಿ ಉಂಡಿಗೆ ಇದು.

ತಾಟಿಗೆ ಎಸೆದರೆ ಟಣ್ ಅಂದು, ಮುರಿದರೆ ಗಾಜಿನಂತೆ ಮುರಿದರೆ ಅದು ಚಿಕ್ಕಿ ಹದ. 150 ಡಿಗ್ರಿ ಸುಮಾರು. ಅಳ್ಳುಂಡಿಗೆ ಇಷ್ಟು ಬೇಡ, ಮಕ್ಕಳ ಹಲ್ಲಿಗೆ ಕಷ್ಟ.

ಆಣ ಕುದಿದಂತೆ ನೀರು ಆರಿ ಬಿಸಿ ಏರುತ್ತದೆ. ನೀರು ಹೆಚ್ಚು ಉಳಿದರೆ ಮೆತ್ತಗೆ, ಕಡಿಮೆ ಉಳಿದರೆ ಗಟ್ಟಿ. ಇದಿಷ್ಟೇ ಗುಟ್ಟು.

ಮೆತ್ತಗಿನ ಬಗೆ ಮಾಡುವುದಾದರೆ ಎಳೆ ಹದ ಬಂದ ಕೂಡಲೆ ಇಳಿಸಿ, ಹುರಿದ ಶೇಂಗಾದಲ್ಲಿ ಅರ್ಧ ಪಾಲು ಎಣ್ಣೆ ಬಿಡುವ ತನಕ ಕುಟ್ಟಿ ಅದರಲ್ಲಿ ಕಲಸಿ. ಶೇಂಗಾದ ಎಣ್ಣೆ ಬೆಲ್ಲವನ್ನು ಗಟ್ಟಿಯಾಗಗೊಡುವುದಿಲ್ಲ. ಗಟ್ಟಿ ಬಗೆಗೆ ಇಳಿಸುವಾಗ ಒಂದು ಚಿಟಿಕೆ ಅಡಿಗೆ ಸೋಡಾ ಹಾಕಿದರೆ ಆಣ ನೊರೆಯೇಳುತ್ತದೆ, ಒಳಗೆ ಸಣ್ಣ ಗುಳ್ಳೆ ಕೂತು ಕಡಿಯಲು ಹಗುರಾಗುತ್ತದೆ. ಸೋಡಾ ಹಾಕಿದ ಆಣಕ್ಕೆ ಬಣ್ಣದ ಅಳ್ಳು ಬೆರೆಸಬೇಡಿ, ಮೇಲೆ ಮಾತ್ರ ಹಚ್ಚಿ.

ಕಟ್ಟುವುದು

ಆಣ ಇಳಿಸಿದ ಮೇಲೆ ಪುರಸೊತ್ತು ಇರುವುದಿಲ್ಲ. ಮೊದಲೇ ಅಳ್ಳು, ಶೇಂಗಾ, ಪುಟಾಣಿ, ಎಳ್ಳು ಅಗಲ ಪಾತ್ರೆಯಲ್ಲಿ ಬೆಚ್ಚಗೆ ಮಾಡಿಟ್ಟಿರಿ. ತಣ್ಣಗಿದ್ದರೆ ಆಣ ತಾಗಿದ ಕೂಡಲೆ ಬಿಗಿದುಕೊಳ್ಳುತ್ತದೆ. ಆಣಕ್ಕೆ ತುಪ್ಪ, ಏಲಕ್ಕಿ ಹಾಕಿ, ಅಳ್ಳಿನ ಮೇಲೆ ಸುತ್ತಲೂ ಸುರಿದು ಸೌಟಿನಿಂದ ಅಡಿಮೇಲು ತಿರುವಿ. ಜೋರಾಗಿ ಕಲಸಿದರೆ ಅಳ್ಳು ಪುಡಿಯಾಗುತ್ತದೆ.

ತಾಟಿಗೆ ತುಪ್ಪ ಸವರಿ ಇದನ್ನು ಸುರಿದು, ತುಪ್ಪ ಸವರಿದ ಬಟ್ಟಲಿನ ತಳದಿಂದ ಹಗುರಕ್ಕೆ ಒತ್ತಿ. ಬಿಗಿಯಾಗಿ ಒತ್ತಿದರೆ ಕಲ್ಲಾಗುತ್ತದೆ. ಮೇಲೆ ಬಣ್ಣದ ಅಳ್ಳು ಉದುರಿಸಿ ಇನ್ನೊಮ್ಮೆ ಒತ್ತಿ. ಇನ್ನೂ ಬಿಸಿ ಇರುವಾಗಲೇ ಚಾಕುವಿನಿಂದ ಗೆರೆ ಹಾಕಿ, ಆರಿದ ಮೇಲೆ ಬಿಡಿಸಿ. ಉಂಡಿಯೇ ಬೇಕೆಂದರೆ ಕೈಗೆ ನೀರು ಅಥವಾ ತುಪ್ಪ ಹಚ್ಚಿಕೊಂಡು ಕಟ್ಟಿ, ಬಣ್ಣದ ಅಳ್ಳಿನಲ್ಲಿ ಹೊರಳಿಸಿ.

ಎಳೆಯ ಮಕ್ಕಳನ್ನು ಆಣದ ಹತ್ತಿರ ಬಿಡಬೇಡಿ. ಕುದಿಯುವ ನೀರು 100 ಡಿಗ್ರಿ, ಆಣ ಅದಕ್ಕಿಂತ ಬಿಸಿ. ಮೈಗೆ ಬಿದ್ದರೆ ನೀರಿನ ಹಾಗೆ ಹರಿದುಹೋಗುವುದಿಲ್ಲ, ಅಂಟಿಕೊಂಡೇ ಸುಡುತ್ತದೆ. ಬಿದ್ದರೆ ಕೂಡಲೆ ತಣ್ಣೀರು ಇಪ್ಪತ್ತು ನಿಮಿಷ ಸುರಿಯಬೇಕು. ಶಾಯಿ, ಟೂತ್‌ಪೇಸ್ಟು ಹಚ್ಚಬಾರದು. ಮಕ್ಕಳಿಗೆ ಬಣ್ಣ ಉದುರಿಸುವ ಕೆಲಸ ಕೊಡಿ, ಅದು ಅವರಿಗೂ ಖುಷಿ. ನಾಲ್ಕು ವರ್ಷದ ಒಳಗಿನ ಮಕ್ಕಳಿಗೆ ಅಳ್ಳು, ಇಡಿ ಶೇಂಗಾ ಕೊಡಬಾರದು, ಗಂಟಲಲ್ಲಿ ಸಿಕ್ಕುತ್ತದೆ. ಅವರಿಗೆ ಅಳ್ಳಿಟ್ಟು ಹಾಲಿನಲ್ಲಿ ಕಲಸಿ ಕೊಡಿ.

ಬೆಲ್ಲವೂ ಸಿಹಿಯೇ. ಸಕ್ಕರೆ ರೋಗ ಇದ್ದವರು "ಇದು ಬೆಲ್ಲ, ನಡೀತದ" ಅಂತ ನಾಲ್ಕು ತಿನ್ನಬೇಡಿ.

ಕೆಟ್ಟರೆ ಏನು ಮಾಡಬೇಕು

ಉಂಡಿ ನಿಲ್ಲದೆ ಉದುರಿದರೆ ಆಣ ಕಡಿಮೆ ಬಿದ್ದಿದೆ ಅಥವಾ ಎಳೆಯದಾಗಿದೆ. ಇನ್ನೊಂದಿಷ್ಟು ಬೆಲ್ಲದ ಆಣ ಉಂಡಿ ಹದಕ್ಕೆ ತೆಗೆದು ಅದರಲ್ಲಿ ಕಲಸಿ.

ಕಲಸುವಾಗಲೇ ಗಟ್ಟಿಯಾದರೆ ಪಾತ್ರೆಯನ್ನು ಸಣ್ಣ ಉರಿ ಮೇಲೆ ಒಂದು ನಿಮಿಷ ಇಡಿ, ಸಡಿಲಾಗುತ್ತದೆ. ನೀರು ಹಾಕಬೇಡಿ, ಅಳ್ಳು ಮುದ್ದೆಯಾಗುತ್ತದೆ.

ಮರುದಿನ ಅಂಟಂಟಾದರೆ ಗಾಳಿಯ ತೇವ ಎಳೆದುಕೊಂಡಿದೆ. ಮಳೆಗಾಲದಲ್ಲಿ ಆಣವನ್ನು ಸ್ವಲ್ಪ ಗಟ್ಟಿ ಹದಕ್ಕೇ ತೆಗೆಯಿರಿ, ಆರಿದ ಕೂಡಲೆ ಡಬ್ಬಿಗೆ ಹಾಕಿ.

ಗಟ್ಟಿ ಬಗೆ ಬಿಗಿ ಡಬ್ಬಿಯಲ್ಲಿ ಎರಡು ವಾರ ನಿಲ್ಲುತ್ತದೆ. ಮೆತ್ತಗಿನದು ನಾಲ್ಕೈದು ದಿನದಲ್ಲಿ ತಿಂದು ಮುಗಿಸಿ.

ಖರ್ಚು ಮತ್ತು ಮಾರಾಟ

ಬೆಂಬಲ ಬೆಲೆಯ ಲೆಕ್ಕದಲ್ಲಿ 100 ಗ್ರಾಂ ಜೋಳದ ಬೆಲೆ ನಾಲ್ಕು ರೂಪಾಯಿ ಒಳಗೆ. ಅರಳದ್ದು, ಪುಡಿಯಾದದ್ದು ಕಳೆದು ಐದು ಹಿಡಿಯಿರಿ. ಬೆಲ್ಲ, ಶೇಂಗಾ, ತುಪ್ಪದ್ದು ನಿಮ್ಮೂರ ದರದಲ್ಲಿ ಕೂಡಿಸಿ. ಮೇಲಿನ ಅಳತೆಗೆ 400 ಗ್ರಾಂ ತಿಂಡಿ ಆಗುತ್ತದೆ. ಅದನ್ನು ಹತ್ತು ರೂಪಾಯಿ ಪಾಕೀಟಿನ ತೂಕದ ಜೊತೆ ಹೋಲಿಸಿ ನೋಡ್ರಿ. ಉರುವಲು, ಹೆಣ್ಣುಮಕ್ಕಳ ದುಡಿತಕ್ಕೂ ಬೆಲೆ ಕಟ್ಟಿ. ಅದನ್ನು ಬಿಟ್ಟು ಲಾಭ ಲೆಕ್ಕ ಹಾಕುವುದು ನಮ್ಮ ಹಳೆಯ ಚಾಳಿ.

ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಸಂತೆಗೆ, ಶಾಲೆಯ ಹಬ್ಬಕ್ಕೆ ಮಾಡಿ ಮಾರಬಹುದು. ಗೋಕಾಕ, ಅಮೀನಗಡದ ಕರದಂಟು ಹೆಸರಾದದ್ದೂ ಅಂಟು, ಬೆಲ್ಲದಂಥ ಸಾಮಾನಿನಿಂದಲೇ. ಮಾರುವುದಾದರೆ 2006ರ ಆಹಾರ ಸುರಕ್ಷತೆ ಕಾಯ್ದೆ ಪ್ರಕಾರ ನೋಂದಣಿ ಬೇಕು. ಪಾಕೀಟಿನ ಮೇಲೆ ಏನೇನು ಹಾಕಿದೆ, ಎಂದು ಮಾಡಿದ್ದು, ಎಲ್ಲಿಯ ತನಕ ತಿನ್ನಬಹುದು ಬರೆಯಬೇಕು. ಶೇಂಗಾ, ಎಳ್ಳು ಕೆಲವರ ಮೈಗೆ ಆಗಿಬರುವುದಿಲ್ಲ, ಅವು ಇವೆ ಅಂತ ಕಾಣುವ ಹಾಗೆ ಬರೆಯಿರಿ.

ಬೀಜದ ಮಾತು

2023ನೇ ವರ್ಷವನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷ ಅಂತ ಸಾರಿತು. ಮೇಳ, ಭಾಷಣ ಬಹಳ ಆದವು, ಒಳ್ಳೆಯದೇ. ಆದರೆ ಅಳ್ಳಿನ ಜೋಳ ಉಳಿಯುವುದು ಭಾಷಣದಿಂದಲ್ಲ. ಇದರ ಇಳುವರಿ ಕಡಿಮೆ, ರೊಟ್ಟಿಗೂ ಅಷ್ಟಕ್ಕಷ್ಟೆ, ಪೇಟೆಯಲ್ಲಿ ಬೇರೆ ದರ ಇಲ್ಲ. ಅಳ್ಳು ತಿನ್ನುವವರು ಇದ್ದರೆ ಮಾತ್ರ ಬಿತ್ತುವವರು ಇರುತ್ತಾರೆ. ಮನೆಯಲ್ಲಿ ಅಳ್ಳು ಹುರಿಯುವುದು ನಿಂತರೆ ಎರಡು ಮೂರು ವರ್ಷದಲ್ಲಿ ಬೀಜ ಮುಳ್ಳು ಸತ್ತು ಹೋಗುತ್ತದೆ. ಆಮೇಲೆ ಹುಡುಕಿದರೆ ಸಿಗುವುದಿಲ್ಲ.

ಇದಕ್ಕೆ ಎಕರೆಗಟ್ಟಲೆ ನೆಲ ಬೇಡ. ಹಿಂಗಾರಿ ಜೋಳ ಬಿತ್ತುವಾಗ ನಾಲ್ಕು ಸಾಲು ಇದನ್ನು ಹಾಕಿ. ಒಂಟಿಯಾಗಿ ಒಂದು ಮೂಲೆಯಲ್ಲಿ ಬಿತ್ತಿದರೆ ಸುತ್ತಿನ ಹಕ್ಕಿಗಳೆಲ್ಲ ಅಲ್ಲೇ ಇಳಿಯುತ್ತವೆ, ದೊಡ್ಡ ಹೊಲದ ನಡುವೆ ಇದ್ದರೆ ಹಾನಿ ಹಂಚಿಹೋಗುತ್ತದೆ. ಜೋಳ ಹೆಚ್ಚಾಗಿ ತನ್ನ ಪರಾಗದಿಂದಲೇ ಕಾಳು ಕಟ್ಟಿದರೂ ಪಕ್ಕದ ತಳಿಯ ಬೆರಕೆ ಸ್ವಲ್ಪ ಆಗಿಯೇ ಆಗುತ್ತದೆ. ಅದಕ್ಕೆ ನಾಲ್ಕರಲ್ಲಿ ನಡುವಿನ ಎರಡು ಸಾಲಿನ ತೆನೆಗಳನ್ನು ಬೀಜಕ್ಕೆ ಆರಿಸಿ, ಹೂ ಬರುವ ಮುಂಚೆ ಕೆಲವು ತೆನೆಗೆ ಕಾಗದದ ಚೀಲ ಕಟ್ಟಿದರೆ ಇನ್ನೂ ಚಲೋ. ತೆನೆ ಒಣಗಿದ ಮೇಲೆ ಪ್ರತಿ ತೆನೆಯಿಂದ ಇಪ್ಪತ್ತು ಕಾಳು ತೆಗೆದು ಹಂಚಿನ ಮೇಲೆ ಹುರಿದು ನೋಡಿ, ಹೆಚ್ಚು ಅರಳಿದ ತೆನೆಯ ಉಳಿದ ಕಾಳನ್ನೇ ಬೀಜಕ್ಕೆ ಇಡಿ. ಬೂದಿ, ಒಣಗಿದ ಬೇವಿನ ಎಲೆ ಬೆರೆಸಿ ಮಣ್ಣಿನ ಗಡಿಗೆಯಲ್ಲಿ ಬಾಯಿ ಕಟ್ಟಿಟ್ಟರೆ ಮುಂದಿನ ಬಿತ್ತಿಗೆ ತನಕ ಹುಳ ಹತ್ತುವುದು ಕಡಿಮೆ.

ಬೀಜ ಇಲ್ಲದವರು ಊರಲ್ಲಿ ಹಿರಿಯ ಹೆಣ್ಣುಮಕ್ಕಳನ್ನು ಕೇಳಿ. ಪಂಚಮಿಗೆ ಅಂತ ಒಂದು ಸೇರು ಅಳ್ಳಿನ ಜೋಳ ಯಾವುದೋ ಗಡಿಗೆಯಲ್ಲಿ ಇಟ್ಟುಕೊಂಡವರು ಇನ್ನೂ ಸಿಗುತ್ತಾರೆ. ಅವರಿಂದ ಎರಡು ಬೊಗಸೆ ತಂದು ಬಿತ್ತಿ, ಬೆಳೆದ ಮೇಲೆ ನಾಲ್ಕು ಬೊಗಸೆ ತಿರುಗಿ ಕೊಡಿ. ಒಬ್ಬರ ಮನೆಯಲ್ಲಿ ಬೆಳೆ ಹೋದರೂ ಇನ್ನೊಬ್ಬರ ಮನೆಯಲ್ಲಿ ಬೀಜ ಇರುತ್ತದೆ.